ಮಿರಜದ ಗಾನಹೀರಾ – ಹೀರಾಬಾಯಿ ಬಡೋದೇಕರ

ಮಿರಜ ಎಂದ ಕೂಡಲೆ ನಮ್ಮ ಗಡಿಭಾಗದ ಜನರಿಗೆ ಮೊದಲು ನೆನಪಾಗುವುದು ಆಸ್ಪತ್ರೆ. ಅಥಣಿ, ಚಿಕ್ಕೋಡಿ, ಜಮಖಂಡಿ, ಜತ್ತ ಕಡೆಯ ಹಳ್ಳಿಗಳಲ್ಲಿ ಯಾರಿಗಾದರೂ ದೊಡ್ಡ ಜಡ್ಡು ಬಂದರೆ ಮಿರಜಕ್ಕೆ ಒಯ್ಯಿರೆನ್ನುವುದು ಅಜ್ಜಂದಿರ ಕಾಲದಿಂದ ಬಂದ ಮಾತು. 1894ರಲ್ಲಿ ಡಾಕ್ಟರ್ ವಾನ್‌ಲೆಸ್ ಅವರು ಅಲ್ಲಿ ಆರಂಭಿಸಿದ ಮಿಶನ್ ಆಸ್ಪತ್ರೆಯಿಂದ ಆ ಊರಿಗೆ ಈ ಹೆಸರು ಬಂದಿತು. ಎರಡನೆಯದಾಗಿ ನೆನಪಾಗುವುದು ರೈಲು ಜಂಕ್ಷನ್ನು. ಆದರೆ ಸಂಗೀತ ಬಲ್ಲವರನ್ನು ಕೇಳಿ ನೋಡಿರಿ, ಅವರು ಬೇರೆಯೇ ಉತ್ತರ ಕೊಡುತ್ತಾರೆ. ಅವರ ಪಾಲಿಗೆ ಮಿರಜ ತಂಬೂರಿಯ ಊರು. ಒಂದು ಕಾಲಕ್ಕೆ ಕತ್ತಿ, ಆಯುಧಗಳಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮನೆತನದವರು, ಯುದ್ಧಗಳು ನಿಂತು ಆ ಕಸುಬಿಗೆ ಬೇಡಿಕೆ ಇಲ್ಲವಾದಾಗ, ಅದೇ ಕೈಗಳಿಂದ ಸೋರೆಯ ಬುರುಡೆಗೆ ಕಟ್ಟಿಗೆಯ ದಂಡಿ ಕೂಡಿಸಿ ತಂಬೂರಿ, ಸಿತಾರುಗಳನ್ನು ಮಾಡಲು ಕಲಿತರು. ಇಂದು ಭಾರತದ ಯಾವ ಮೂಲೆಗೆ ಹೋದರೂ ಒಳ್ಳೆಯ ಹಾಡುಗಾರರ ಹಿಂದೆ ಮಿರಜದ ತಂಬೂರಿ ಮೀಟುತ್ತಿರುತ್ತದೆ. 2024ರಲ್ಲಿ ಮಿರಜದ ಸಿತಾರಿಗೂ ತಂಬೂರಿಗೂ ಸರಕಾರದ ಭೌಗೋಳಿಕ ಗುರುತು ದೊರೆತಿದೆ.

ಇಂತಹ ತಂಬೂರಿಯ ಊರಿನಲ್ಲಿ ಹುಟ್ಟಿ, ತಂಬೂರಿಯನ್ನೇ ನೆಚ್ಚಿ ಬದುಕಿ, ತಮ್ಮ ಕಾಲದ ಹೆಣ್ಣುಮಕ್ಕಳಿಗೆಲ್ಲ ಒಂದು ಹೊಸ ದಾರಿಯನ್ನು ತೆರೆದುಕೊಟ್ಟ ಹಿರಿಯ ಜೀವವೊಂದನ್ನು ಈ ಸಲದ ವಾರ್ಷಿಕ ಸಂಚಿಕೆಯಲ್ಲಿ ನೆನೆಯಬೇಕೆಂದು ನಾವು ಬಯಸಿದ್ದೇವೆ. ಅವರೇ ಶ್ರೀಮತಿ ಹೀರಾಬಾಯಿ ಬಡೋದೇಕರ. ಅವರ ಹೆಸರನ್ನು ನಮ್ಮ ವಿದ್ಯಾರ್ಥಿಗಳಲ್ಲಿ ಬಹಳ ಜನ ಕೇಳಿರಲಿಕ್ಕಿಲ್ಲ. ಆದರೆ ನಿಮ್ಮ ಅಜ್ಜ ಅಜ್ಜಿಯರನ್ನು ಕೇಳಿರಿ. ಗ್ರಾಮೋಫೋನಿನ ಕಾಲವನ್ನು ಕಂಡವರ ಕಿವಿಯಲ್ಲಿ ಆ ದನಿ ಇನ್ನೂ ಉಳಿದಿರುತ್ತದೆ.

ಹೀರಾಬಾಯಿಯವರು 1905ರಲ್ಲಿ ಮಿರಜದಲ್ಲಿ ಜನಿಸಿದರು. ತಂದೆ ಉಸ್ತಾದ್ ಅಬ್ದುಲ್ ಕರೀಂ ಖಾನರು ಉತ್ತರ ಪ್ರದೇಶದ ಕೈರಾನಾ ಎಂಬ ಊರಿನವರು. ಆ ಊರಿನ ಹೆಸರಿನಿಂದಲೇ ಕಿರಾಣಾ ಘರಾಣೆ ಎಂಬ ಗಾಯನ ಪದ್ಧತಿ ಪ್ರಸಿದ್ಧವಾಗಿದೆ. ತಾಯಿ ತಾರಾಬಾಯಿ ಮಾನೆ, ಬಡೋದೆಯ ರಾಜಮನೆತನಕ್ಕೆ ಸಂಬಂಧಪಟ್ಟ ಸರದಾರ ಮನೆಯ ಮಗಳು. ಖಾನರು ಬಡೋದೆಯ ಆಸ್ಥಾನದಲ್ಲಿ ಗಾಯಕರಾಗಿದ್ದಾಗ ಇಬ್ಬರಿಗೂ ಪರಿಚಯವಾಯಿತು. ಧರ್ಮ ಬೇರೆ, ಅಂತಸ್ತು ಬೇರೆ. ಇಂದಿಗೂ ಕಷ್ಟವೆನಿಸುವ ಆ ಸಂಬಂಧವನ್ನು ಅಂದಿನ ಸಮಾಜ ಒಪ್ಪುವುದು ದೂರದ ಮಾತಾಗಿತ್ತು. ತಾರಾಬಾಯಿಯವರು ತವರಿನ ಸಿರಿಯನ್ನೆಲ್ಲ ಬಿಟ್ಟು ಬಂದರು. ಮುಂಬಯಿಯಲ್ಲಿ ಕೆಲಕಾಲ ಇದ್ದು ಬಳಿಕ ಅವರು ಮಿರಜದಲ್ಲಿ ಸಂಸಾರ ಹೂಡಿದರು. ಸುರೇಶಬಾಬು, ಹೀರಾಬಾಯಿ, ಕೃಷ್ಣರಾವ್, ಕಮಲಾಬಾಯಿ, ಸರಸ್ವತಿ ಎಂದು ಮುಂದೆ ಪ್ರಸಿದ್ಧರಾದ ಐದು ಮಕ್ಕಳು ಅವರಿಗೆ ಹುಟ್ಟಿದರು. ಹೀರಾಬಾಯಿಯವರಿಗೆ ಮೊದಲು ಇಟ್ಟ ಹೆಸರು ಚಂಪಾಕಲಿ. ಮನೆಯವರೆಲ್ಲ ಅವರನ್ನು ಕೊನೆಯವರೆಗೂ ಚಂಪೂತಾಯಿ ಎಂದೇ ಕರೆಯುತ್ತಿದ್ದರು. ಮರಾಠಿಯಲ್ಲಿ ತಾಯಿ ಎಂದರೆ ಅಕ್ಕ ಎಂಬುದು ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ ಆಡುವ ನಮ್ಮ ಮಕ್ಕಳಿಗೆ ಹೇಳಿಕೊಡಬೇಕಾಗಿಲ್ಲ.

ಇಲ್ಲಿ ಒಂದು ಮಾತನ್ನು ವಿದ್ಯಾರ್ಥಿಗಳು ಗಮನಿಸಬೇಕು. ಸಾಂಗಲಿ, ಮಿರಜ, ಜಮಖಂಡಿ ಇವೆಲ್ಲ ಆಗ ಪಟವರ್ಧನ ಮನೆತನದ ಸಂಸ್ಥಾನಗಳಾಗಿದ್ದವು. ಈ ಸಂಸ್ಥಾನಗಳಿಗೆ ಕನ್ನಡ ಊರು, ಮರಾಠಿ ಊರು ಎಂಬ ಗೆರೆ ಇರಲಿಲ್ಲ. ನಮ್ಮ ಲಕ್ಷ್ಮೇಶ್ವರ ಮಿರಜ ಸಂಸ್ಥಾನದಲ್ಲಿತ್ತು. ತೇರದಾಳ, ಶಿರಹಟ್ಟಿಗಳು ಸಾಂಗಲಿಗೆ ಸೇರಿದ್ದವು. ಕುಂದಗೋಳ ಜಮಖಂಡಿಗೆ ಸೇರಿತ್ತು. ಹೀಗೆ ಒಂದೇ ಅಂಗಳದಲ್ಲಿ ಎರಡು ಭಾಷೆಗಳು ಓಡಾಡಿಕೊಂಡಿದ್ದುದರಿಂದ ಸಂಗೀತವೂ ಸುಲಭವಾಗಿ ಇತ್ತಿಂದತ್ತ ಹರಿಯಿತು. ಖಾನರು ಮೈಸೂರು ಅರಮನೆಗೆ ಹೋಗಿಬರುವಾಗ ಧಾರವಾಡ, ಹುಬ್ಬಳ್ಳಿಗಳಲ್ಲಿ ತಂಗುತ್ತಿದ್ದರು. ಕುಂದಗೋಳದ ರಾಮಭಾವು ಎಂಬ ತರುಣ ಅವರ ಶಿಷ್ಯನಾಗಿ ಹಲವು ವರ್ಷ ಕಲಿತು ಸವಾಯಿ ಗಂಧರ್ವರೆನಿಸಿದರು. ಆ ಸವಾಯಿ ಗಂಧರ್ವರಿಂದಲೇ ನಮ್ಮ ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ, ಬಸವರಾಜ ರಾಜಗುರು ಅವರಿಗೆ ವಿದ್ಯೆ ದೊರೆಯಿತು. ಆದ್ದರಿಂದ ಹೀರಾಬಾಯಿಯವರನ್ನು ನಾವು ಪರಭಾಷೆಯವರೆಂದು ಎಣಿಸಬೇಕಾಗಿಲ್ಲ. ಅವರು ನಮ್ಮ ಸಂಗೀತದ ಮನೆತನದ ಹಿರಿಯಕ್ಕ.

ಇನ್ನು ಅವರ ಬಾಲ್ಯದ ವಿಚಾರ. ದೊಡ್ಡ ಗಾಯಕನ ಮಗಳೆಂದ ಮೇಲೆ ಸುಖದಲ್ಲಿ ಬೆಳೆದಿರಬೇಕೆಂದು ಯಾರಾದರೂ ಭಾವಿಸಬಹುದು. ಹಾಗಿರಲಿಲ್ಲ. ಖಾನರು ಪುಣೆಯಲ್ಲಿ ಆರ್ಯ ಸಂಗೀತ ವಿದ್ಯಾಲಯವನ್ನು ನಡೆಸುತ್ತಿದ್ದರು. ಶಿಷ್ಯರು ಮನೆಯವರಂತೆಯೇ ಇದ್ದು ಕಲಿಯುವ ಹಳೆಯ ಪದ್ಧತಿ ಅದು. ಕೀರ್ತಿ ಬಹಳ, ಕೈಯಲ್ಲಿ ಹಣ ಕಡಿಮೆ. 1920ರ ಆಸುಪಾಸಿನಲ್ಲಿ ಗಂಡ ಹೆಂಡಿರು ಬೇರೆಯಾದರು. ಖಾನರು ಮುಂದೆ ಮಿರಜದಲ್ಲಿ ನೆಲೆನಿಂತರು. ತಾರಾಬಾಯಿಯವರು ಐದೂ ಮಕ್ಕಳನ್ನು ಕಟ್ಟಿಕೊಂಡು ಹೊರಬಿದ್ದರು. ಆಗ ಅವರು ಮಕ್ಕಳ ಹಳೆಯ ಹೆಸರುಗಳನ್ನು ತೆಗೆದು ಹೊಸ ಹೆಸರುಗಳನ್ನು ಇಟ್ಟರು. ಅಬ್ದುಲ್ ರೆಹಮಾನ್ ಸುರೇಶಬಾಬು ಆದರು. ಸಕೀನಾ ಸರಸ್ವತಿಯಾದಳು. ಚಂಪಾಕಲಿ ಹೀರಾಬಾಯಿಯಾದಳು. ಬಡೋದೆಯ ನೆನಪಿಗೆ ಬಡೋದೇಕರ ಎಂಬ ಅಡ್ಡಹೆಸರು ಬಂದಿತು.

ಪಾಲಕರಾದವರು ಆ ತಾಯಿಯ ಸ್ಥಿತಿಯನ್ನು ಒಂದು ಗಳಿಗೆ ಕಣ್ಣ ಮುಂದೆ ತಂದುಕೊಳ್ಳಬೇಕು. ತವರಿಗೆ ಹೋಗುವಂತಿಲ್ಲ. ಗಂಡನ ಆಸರೆ ತಪ್ಪಿದೆ. ಹೊಲ ಮನೆಗಳಿಲ್ಲ. ಐದು ಹೊಟ್ಟೆಗಳನ್ನು ಹೊರೆಯಬೇಕು. ಅವಳ ಮಕ್ಕಳಲ್ಲಿದ್ದ ಆಸ್ತಿ ಒಂದೇ, ಅದು ಕಂಠ. ಆದರೆ ಆ ಆಸ್ತಿಯನ್ನು, ಅದೂ ಹೆಣ್ಣುಮಕ್ಕಳ ಕಂಠವನ್ನು, ಹೊರಗೆ ತೆಗೆಯುವುದೇ ಅಂದು ದೊಡ್ಡ ಅಪವಾದಕ್ಕೆ ಕಾರಣವಾಗುತ್ತಿತ್ತು.

ಏಕೆಂದರೆ ಆ ಕಾಲದಲ್ಲಿ ಸಭೆಯಲ್ಲಿ ಹಾಡುವ ಹೆಂಗಸರೆಂದರೆ ದೇವದಾಸಿ, ಕಲಾವಂತ ಮನೆತನಗಳಿಂದ ಬಂದವರು. ಅವರಲ್ಲಿ ವಿದ್ಯೆ ಅಪಾರವಾಗಿತ್ತು. ಎಷ್ಟೋ ರಾಗಗಳು, ಚೀಜುಗಳು ಉಳಿದದ್ದು ಅವರಿಂದಲೇ. ಆದರೆ ಸಮಾಜ ಅವರ ಹಾಡನ್ನು ಬಯಸುತ್ತಿತ್ತು, ಅವರಿಗೆ ಮಾನ ಕೊಡುತ್ತಿರಲಿಲ್ಲ. ಶ್ರೀಮಂತರ ಮನೆಯ ಬೈಠಕಿನಲ್ಲಿ ಹಾಡಬೇಕು, ಹಾಡುವಾಗ ಹಾವಭಾವ ಮಾಡಬೇಕು, ಯಜಮಾನ ಸಂತೋಷಪಟ್ಟು ಎಷ್ಟು ಕೊಟ್ಟರೆ ಅಷ್ಟು ತೆಗೆದುಕೊಳ್ಳಬೇಕು. ಇದನ್ನು ಕಂಡ ಮರ್ಯಾದಸ್ಥ ಮನೆಗಳವರು ತಮ್ಮ ಹೆಣ್ಣುಮಕ್ಕಳು ಗುನುಗುನಿಸಿದರೂ ಗದರಿಸುತ್ತಿದ್ದರು. ಹೀಗೆ ಹಾಡುವ ಹೆಣ್ಣಿಗೆ ಮನೆ ಇರಲಿಲ್ಲ, ಮನೆಯ ಹೆಣ್ಣಿಗೆ ಹಾಡು ಇರಲಿಲ್ಲ. ಈ ಎರಡನ್ನೂ ಒಂದುಗೂಡಿಸಿದ್ದು ಹೀರಾಬಾಯಿಯವರ ಜೀವನದ ದೊಡ್ಡ ಕಾರ್ಯವೆಂದು ನಮ್ಮ ಭಾವನೆ.

ಅದಕ್ಕೆ ಮೊದಲು ವಿದ್ಯೆ ಗಟ್ಟಿಯಾಗಬೇಕಿತ್ತು. ಅಣ್ಣ ಸುರೇಶಬಾಬು ಅವರೇ ಅವರ ಮೊದಲ ಗುರು. ಬಳಿಕ ತಂದೆಯ ಬಂಧುಗಳೇ ಆದ ಉಸ್ತಾದ್ ಅಬ್ದುಲ್ ವಹೀದ್ ಖಾನರು ಕಲಿಸಿದರು. ವಹೀದ್ ಖಾನರಿಗೆ ಕಿವಿ ಮಂದವಾಗಿತ್ತು. ಜನ ಅವರನ್ನು ಬೆಹರೇ ವಹೀದ್ ಖಾನ್, ಅಂದರೆ ಕಿವುಡ ವಹೀದ್ ಖಾನರೆಂದೇ ಗುರುತಿಸುತ್ತಿದ್ದರು. ಆದರೂ ಸ್ವರದ ಸೂಕ್ಷ್ಮವನ್ನು ಅವರಷ್ಟು ಬಲ್ಲವರು ವಿರಳ. ಕಿರಾಣಾ ಪದ್ಧತಿಯಲ್ಲಿ ಅವಸರಕ್ಕೆ ಎಡೆಯಿಲ್ಲ. ಒಂದು ರಾಗವನ್ನು ಹಾಡುವಾಗ ಷಡ್ಜದಿಂದ ಆರಂಭಿಸಿ ಒಂದೊಂದೇ ಸ್ವರವನ್ನು ಕೂಡಿಸುತ್ತ, ಪ್ರತಿಯೊಂದು ಸ್ವರದ ಮೇಲೂ ನಿಂತು, ಅದು ಶುದ್ಧವಾಗಿ ಬಂದ ಮೇಲೆಯೇ ಮುಂದಿನದಕ್ಕೆ ಹೋಗಬೇಕು. ಬಾಲಬೋಧೆಯ ಮಕ್ಕಳು ಒಂದು ಅಕ್ಷರ ದುಂಡಗಾಗುವವರೆಗೆ ಪಾಟಿಯ ಮೇಲೆ ತಿದ್ದುತ್ತಾರಲ್ಲ, ಹಾಗೆ. ಹೀಗೆ ವರ್ಷಗಟ್ಟಲೆ ತಿದ್ದಿದ ಫಲವಾಗಿ ಹೀರಾಬಾಯಿಯವರ ದನಿಗೆ ಒಂದು ಬಗೆಯ ಶಾಂತಿ ಬಂದಿತು. ಅವರ ಹಾಡಿನಲ್ಲಿ ಆರ್ಭಟವಿರಲಿಲ್ಲ, ಚಮತ್ಕಾರ ಮೆರೆಸುವ ಹಂಬಲವಿರಲಿಲ್ಲ. ಕೇಳುವವರಿಗೆ ಸಂಜೆಯ ಹೊತ್ತು ದೇವರ ಮುಂದೆ ದೀಪ ಹಚ್ಚಿದಂತೆ ಇರುತ್ತಿತ್ತು.

1920ರ ದಶಕದ ಆರಂಭದ ದಿನಗಳು. ಹದಿನೈದು ಹದಿನಾರರ ಈ ಹುಡುಗಿಗೆ ಮುಂಬಯಿಯ ಗಾಂಧರ್ವ ಮಹಾವಿದ್ಯಾಲಯದಲ್ಲಿ ಹಾಡುವ ಅವಕಾಶ ಒದಗಿತು. ಆ ವಿದ್ಯಾಲಯವನ್ನು ಕಟ್ಟಿದವರು ಪಂಡಿತ ವಿಷ್ಣು ದಿಗಂಬರ ಪಲುಸ್ಕರರು. ಅವರೂ ನಮ್ಮ ನೆರೆಯವರೇ. ಕುರುಂದವಾಡದಲ್ಲಿ ಹುಟ್ಟಿದ ಅವರಿಗೆ ಬಾಲ್ಯದಲ್ಲಿ ಪಟಾಕಿ ಸಿಡಿದು ಕಣ್ಣಿಗೆ ಪೆಟ್ಟಾಯಿತು. ಚಿಕಿತ್ಸೆಗೆಂದು ಮಿರಜಕ್ಕೆ ಬಂದವರು ಅಲ್ಲಿಯೇ ಬಾಳಕೃಷ್ಣಬುವಾ ಇಚಲಕರಂಜೀಕರರಲ್ಲಿ ಸಂಗೀತ ಕಲಿತರು. ಸಂಗೀತಗಾರನಿಗೆ ಸಮಾಜದಲ್ಲಿ ಗೌರವದ ಸ್ಥಾನ ದೊರೆಯಬೇಕೆಂದು ಹಟ ತೊಟ್ಟು ಅವರು 1901ರಲ್ಲಿ ಲಾಹೋರಿನಲ್ಲಿ, ಆಮೇಲೆ ಮುಂಬಯಿಯಲ್ಲಿ ವಿದ್ಯಾಲಯಗಳನ್ನು ತೆರೆದರು. ಅಂಥವರ ವೇದಿಕೆಯ ಮೇಲೆ ದೊಡ್ಡ ದೊಡ್ಡ ಗಾಯಕರ ಎದುರಿಗೆ ಈ ಹುಡುಗಿ ಹಾಡಿದಳು. ಮೆಚ್ಚುಗೆ ದೊರೆಯಿತು. ಅಲ್ಲಿಂದ ಅವರ ಸಾರ್ವಜನಿಕ ಜೀವನ ಆರಂಭವಾಯಿತು. ಬೇಗನೆ ಗ್ರಾಮೋಫೋನ್ ಕಂಪನಿಯವರೂ ಅವರನ್ನು ಕರೆದರು.

ಸಭೆಯಲ್ಲಿ ಹೀರಾಬಾಯಿಯವರು ಕುಳಿತುಕೊಳ್ಳುತ್ತಿದ್ದ ರೀತಿಯೇ ಒಂದು ಪಾಠವಾಗಿತ್ತು. ಸಾದಾ ಸೀರೆ, ಮೈತುಂಬ ಹೊದ್ದ ಸೆರಗು, ಎದುರಿಗೆ ತಂಬೂರಿ, ಅಲುಗಾಡದ ಕೈ, ತಗ್ಗಿದ ದೃಷ್ಟಿ. ಕೇಳಲು ಬಂದವರು ಹಾಡನ್ನಷ್ಟೇ ಕೇಳಬೇಕು, ಬೇರೇನನ್ನೂ ಅಪೇಕ್ಷಿಸಬಾರದು ಎಂಬುದನ್ನು ಅವರು ಬಾಯಿ ಬಿಟ್ಟು ಹೇಳಲಿಲ್ಲ, ಕುಳಿತು ತೋರಿಸಿದರು. ಮೊದಮೊದಲು ಕುತೂಹಲದಿಂದ ಬಂದ ಗಂಡಸರು ಮುಂದೆ ತಮ್ಮ ಮನೆಯ ಹೆಂಗಸರನ್ನೂ ಮಕ್ಕಳನ್ನೂ ಕರೆದುಕೊಂಡು ಬರಲು ಆರಂಭಿಸಿದರು. ಹೆಣ್ಣೊಬ್ಬಳ ಗಾಯನವನ್ನು ಕುಟುಂಬ ಸಮೇತ ಕೇಳುವುದು ಆಗ ಹೊಸ ಮಾತು.

ಇದಕ್ಕಿಂತಲೂ ಹೊಸದಾದ ಮಾತೆಂದರೆ ತಿಕೀಟು ಇಟ್ಟು ನಡೆಸಿದ ಗಾಯನ. ನಮ್ಮ ದೇಶದಲ್ಲಿ ತಿಕೀಟಿನ ಸಂಗೀತ ಸಭೆಯಲ್ಲಿ ಹಾಡಿದ ಮೊದಲ ಮಹಿಳೆ ಎಂಬ ಹೆಸರು ಹೀರಾಬಾಯಿಯವರಿಗೆ ಸಲ್ಲುತ್ತದೆ. ಅದರಲ್ಲೇನು ವಿಶೇಷ ಎಂದು ವಿದ್ಯಾರ್ಥಿಗಳು ಕೇಳಬಹುದು. ಬೈಠಕಿನಲ್ಲಿ ಒಬ್ಬ ಧಣಿ ಇರುತ್ತಾನೆ. ಹಾಡುವವಳು ಅವನ ಮರ್ಜಿ ಕಾಯಬೇಕು. ತಿಕೀಟಿನ ಸಭೆಯಲ್ಲಿ ಧಣಿ ಎಂಬುವನೇ ಇಲ್ಲ. ಎಂಟಾಣೆ ಕೊಟ್ಟು ಹಿಂದೆ ಕುಳಿತವನೂ ಕೇಳುಗನೇ, ಐದು ರೂಪಾಯಿ ಕೊಟ್ಟು ಮುಂದೆ ಕುಳಿತವನೂ ಕೇಳುಗನೇ. ಕಾರಕೂನನೂ, ಮಾಸ್ತರನೂ, ಕಾಲೇಜು ಹುಡುಗನೂ ಒಳಗೆ ಬರಬಹುದು. ಹಾಡುವವಳು ಯಾರ ಹಂಗಿನವಳೂ ಅಲ್ಲ. ತನ್ನ ದುಡಿಮೆಗೆ ತಾನು ಬೆಲೆ ಗೊತ್ತುಮಾಡಿ, ತಲೆಯೆತ್ತಿ ತೆಗೆದುಕೊಂಡು ಹೋಗುತ್ತಾಳೆ. ಒಂದು ತುಂಡು ಕಾಗದದ ಚೀಟಿ ಹೆಣ್ಣಿನ ಮಾನವನ್ನು ಹೀಗೂ ಕಾಯಬಲ್ಲದು.

ಇನ್ನು ನಾಟಕದ ಸಂಗತಿ. ಸಾಂಗಲಿಯು ಮರಾಠಿ ರಂಗಭೂಮಿಯ ತವರು. ಕರ್ನಾಟಕದಿಂದ ಬಂದ ಭಾಗವತರ ಆಟವನ್ನು ನೋಡಿ ಮೆಚ್ಚಿದ ಸಾಂಗಲಿಯ ಅಧಿಪತಿ ಚಿಂತಾಮಣರಾವ್ ಪಟವರ್ಧನರು ಮರಾಠಿಯಲ್ಲಿಯೂ ಅಂತಹುದು ಬೇಕೆಂದು ಬಯಸಿದರು. ಅದರಂತೆ ವಿಷ್ಣುದಾಸ ಭಾವೆಯವರು 1843ರಲ್ಲಿ ಸೀತಾಸ್ವಯಂವರವನ್ನು ಆಡಿದರು. ಮುಂದೆ ನಮ್ಮ ಬೆಳಗಾವಿ ಸೀಮೆಯ ಗುರ್ಲಹೊಸೂರಿನ ಅಣ್ಣಾಸಾಹೇಬ ಕಿರ್ಲೋಸ್ಕರರು ಸಂಗೀತ ನಾಟಕಗಳನ್ನು ಬೆಳೆಸಿದರು. ಹೀರಾಬಾಯಿಯವರು ಹುಟ್ಟಿದ 1905ರಲ್ಲಿಯೇ ಬಾಲಗಂಧರ್ವರು ಕಿರ್ಲೋಸ್ಕರ ನಾಟಕ ಮಂಡಳಿ ಸೇರಿ ಮಿರಜದ ರಂಗದ ಮೇಲೆ ಕಾಣಿಸಿಕೊಂಡದ್ದು ಒಂದು ಯೋಗಾಯೋಗ. ಬಾಲಗಂಧರ್ವರ ಸ್ತ್ರೀಪಾತ್ರಗಳು ಮಹಾರಾಷ್ಟ್ರವನ್ನೇ ಮರುಳು ಮಾಡಿದವು. ಗಂಡಸರೇ ಹೆಣ್ಣಾಗಿ ಹಾಡಿ ಕುಣಿಯುವುದು ಅಂದಿನ ರೂಢಿ. ಹೀಗಿರುವಾಗ ತಾರಾಬಾಯಿಯವರೂ ಮಕ್ಕಳೂ ಸೇರಿ ನೂತನ ಸಂಗೀತ ವಿದ್ಯಾಲಯದ ಹೆಸರಿನಲ್ಲಿ ನಾಟಕಗಳನ್ನು ಆಡಲು ಮುಂದಾದರು. ಅಣ್ಣ ತಂಗಿಯರು ಒಂದೇ ರಂಗದ ಮೇಲೆ ನಿಂತರು. ಹೆಣ್ಣಿನ ಪಾತ್ರವನ್ನು ಹೆಣ್ಣೇ ಮಾಡಿದಳು. ಸೌಭದ್ರ, ಪುಣ್ಯಪ್ರಭಾವ, ಸಾಧ್ವೀ ಮೀರಾಬಾಯಿ ಮೊದಲಾದ ನಾಟಕಗಳಲ್ಲಿ ಹೀರಾಬಾಯಿಯವರು ಅಭಿನಯಿಸಿದರು.

ಜನ ಮೆಚ್ಚಿದರು, ಆದರೆ ನಾಟಕ ಕಂಪನಿ ಎಂಬುದು ಆನೆ ಸಾಕಿದಂತೆ. ಪರದೆ, ವೇಷ, ಊಟ, ಸಾಗಣೆ ಎಂದು ಖರ್ಚು ಏರಿತು. ಅದೇ ವೇಳೆಗೆ ಮಾತಾಡುವ ಸಿನಿಮಾ ಬಂದು ನಾಟಕಗಳ ಜನರನ್ನು ಸೆಳೆದುಕೊಂಡಿತು. ಕಂಪನಿ ನಿಂತಿತು, ಸಾಲ ಉಳಿಯಿತು. ಹೀರಾಬಾಯಿಯವರು ತಂಬೂರಿ ಹಿಡಿದು ಊರೂರು ತಿರುಗಿ ಹಾಡಿದರು. ಆ ಗಳಿಕೆಯಿಂದಲೇ ಸಾಲ ತೀರಿತು, ಮನೆಯೂ ನಡೆಯಿತು. ಸಾಲವನ್ನು ಯಾರ ಮೇಲೂ ಹೊರಿಸದೆ, ಯಾರಿಗೂ ತಪ್ಪಿಸದೆ ತೀರಿಸಿದ ಆ ಪ್ರಾಮಾಣಿಕತೆ ಅವರ ಸಂಗೀತದಷ್ಟೇ ದೊಡ್ಡದು. 1930ರ ದಶಕದಲ್ಲಿ ಪ್ರತಿಭಾ, ಜನಾಬಾಯಿ ಮುಂತಾದ ಚಲನಚಿತ್ರಗಳಲ್ಲಿಯೂ ಅವರು ಪಾತ್ರ ಮಾಡಿದರು. ಆದರೆ ಅವರ ಮನಸ್ಸು ನೆಲೆನಿಂತದ್ದು ಸಂಗೀತ ಸಭೆಯಲ್ಲಿಯೇ.

ಅಬ್ದುಲ್ ಕರೀಂ ಖಾನರು 1937ರಲ್ಲಿ ಮದರಾಸಿನಿಂದ ಪಾಂಡಿಚೇರಿಗೆ ಹೊರಟಾಗ ದಾರಿಯಲ್ಲಿ ಎದೆನೋವು ಬಂದು, ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ರೈಲು ನಿಲ್ದಾಣದಲ್ಲಿ ತೀರಿಕೊಂಡರು. ಅವರ ದೇಹವನ್ನು ಮಿರಜಕ್ಕೆ ತಂದು ಮೀರಾಸಾಹೇಬರ ದರ್ಗಾದ ಆವರಣದಲ್ಲಿ ಸಮಾಧಿ ಮಾಡಲಾಯಿತು. ತಂದೆಯ ಮನೆಯನ್ನು ಬಿಟ್ಟು ಬಂದ ಮಕ್ಕಳು ತಂದೆಯ ವಿದ್ಯೆಯನ್ನು ಮಾತ್ರ ಬಿಟ್ಟುಕೊಡಲಿಲ್ಲ. ಐವರೂ ಹಾಡುವವರೇ ಆದರು. ತಂಗಿ ಸರಸ್ವತಿ ರಾಣೆಯವರ ಹಾಡು 1943ರ ರಾಮರಾಜ್ಯ ಚಿತ್ರದಿಂದ ಮನೆಮಾತಾಯಿತು. ಅಕ್ಕ ತಂಗಿಯರಿಬ್ಬರೂ ಕೂಡಿ ಹಾಡಿದ ಜುಗಲಬಂದಿಯೂ ಬಹಳ ಪ್ರಸಿದ್ಧ. ಹೆಂಗಸರಿಬ್ಬರು ಜೊತೆಯಾಗಿ ಖ್ಯಾಲ ಹಾಡುವುದು ಅದಕ್ಕಿಂತ ಮೊದಲು ಕೇಳಿದ್ದಲ್ಲ ಎನ್ನುವಷ್ಟು ಅಪರೂಪವಾಗಿತ್ತು.

ಹೀರಾಬಾಯಿಯವರು ತೆರೆದ ದಾರಿಯಲ್ಲಿ ನಡೆದವರು ಅನೇಕರು. ನಮ್ಮ ಗಂಗೂಬಾಯಿ ಹಾನಗಲ್ ಅವರು ಹುಟ್ಟಿದ್ದು 1913ರಲ್ಲಿ, ಹೀರಾಬಾಯಿಯವರಿಗಿಂತ ಎಂಟು ವರ್ಷ ಚಿಕ್ಕವರು. ಬಡತನ, ಜಾತಿಯ ನಿಂದೆ ಎರಡನ್ನೂ ಉಂಡು ಬೆಳೆದ ಗಂಗೂಬಾಯಿಯವರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಬಂದು ಕಲಿಯುತ್ತಿದ್ದ ದಿನಗಳಲ್ಲಿ, ಅದೇ ಘರಾಣೆಯ ಹೆಣ್ಣುಮಗಳೊಬ್ಬಳು ದೊಡ್ಡ ದೊಡ್ಡ ಸಭೆಗಳಲ್ಲಿ ಮಾನದಿಂದ ಹಾಡುತ್ತಿದ್ದಳೆಂಬುದು ಸಣ್ಣ ಸಂಗತಿಯಲ್ಲ. ಮುಂದೆ ಮಾಣಿಕ ವರ್ಮಾ, ಪ್ರಭಾ ಅತ್ರೆ ಅವರಂಥ ಸುಶಿಕ್ಷಿತ ಮನೆಗಳ ಹೆಣ್ಣುಮಕ್ಕಳು ಸುರೇಶಬಾಬು ಮತ್ತು ಹೀರಾಬಾಯಿಯವರ ಬಳಿಗೆ ಬಂದು ಕಲಿತರು. ವಿಜ್ಞಾನವನ್ನೂ ಕಾನೂನನ್ನೂ ಓದಿದ ಪ್ರಭಾ ಅತ್ರೆಯವರು ಸಂಗೀತವನ್ನೇ ಬದುಕಾಗಿ ಆರಿಸಿಕೊಂಡು, 2022ರಲ್ಲಿ ಪದ್ಮವಿಭೂಷಣ ಪಡೆದು, 2024ರಲ್ಲಿ ತೀರಿಕೊಂಡರು. ಹಾಡಿದರೆ ಮಾನ ಹೋಗುತ್ತದೆ ಎನ್ನುತ್ತಿದ್ದ ಸಮಾಜ, ಹಾಡು ಕಲಿಸಿರೆಂದು ಮಗಳನ್ನು ತಾನೇ ಕರೆತಂದು ಬಿಡುವಂತಾಯಿತು. ಇಷ್ಟು ಬದಲಾವಣೆ ಒಂದೇ ಜೀವಮಾನದಲ್ಲಿ ಆಯಿತು.

ಸನ್ಮಾನಗಳು ತಾವಾಗಿಯೇ ಬಂದವು. ಜನರು ಪ್ರೀತಿಯಿಂದ ಗಾನಹೀರಾ ಎಂದು ಕರೆದರು. 1965ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ, 1970ರಲ್ಲಿ ಪದ್ಮಭೂಷಣ ದೊರೆತವು. ಹೊರದೇಶಗಳಿಗೂ ಹೋಗಿ ಹಾಡಿಬಂದರು. ಆದರೆ ಅವರ ಉಡುಗೆ ಬದಲಾಗಲಿಲ್ಲ, ಮಾತು ಬದಲಾಗಲಿಲ್ಲ. ಸವಾಯಿ ಗಂಧರ್ವರ ನೆನಪಿಗಾಗಿ ಪುಣೆಯಲ್ಲಿ 1953ರಿಂದ ನಡೆದುಬಂದ ಸಂಗೀತೋತ್ಸವದಲ್ಲಿ ಅವರು ಮನೆಯ ಹಿರಿಯರಂತೆ ಪಾಲುಗೊಂಡರು. 1989ರ ನವೆಂಬರ 20ರಂದು ತಮ್ಮ 84ನೆಯ ವಯಸ್ಸಿನಲ್ಲಿ ಪುಣೆಯಲ್ಲಿ ಅವರು ಕಣ್ಣು ಮುಚ್ಚಿದರು.

ಹೀರಾಬಾಯಿಯವರ ಜೀವನದಿಂದ ನಮ್ಮ ವಿದ್ಯಾರ್ಥಿಗಳು ಕಲಿಯಬೇಕಾದುದು ಏನು? ಎಲ್ಲರೂ ಗಾಯಕರಾಗಬೇಕೆಂದು ನಾವು ಹೇಳುವುದಿಲ್ಲ. ಆದರೆ ಮಾಡುವ ಕೆಲಸ ಯಾವುದೇ ಇರಲಿ, ಒಂದು ಸ್ವರ ಶುದ್ಧವಾಗುವವರೆಗೆ ಇನ್ನೊಂದಕ್ಕೆ ಹೋಗದ ತಾಳ್ಮೆ ಬೇಕು. ಗಣಿತಕ್ಕೂ ಅದು ಬೇಕು, ವ್ಯಾಕರಣಕ್ಕೂ ಬೇಕು. ಎರಡನೆಯದಾಗಿ, ಮಾನವೆಂಬುದು ಹುಟ್ಟಿದ ಮನೆಯಿಂದ ಬರುವುದಲ್ಲ. ಕೆಲಸವನ್ನು ಮಾಡುವ ರೀತಿಯಿಂದ ಬರುತ್ತದೆ. ಜನರು ಕೀಳೆಂದು ತಿಳಿದಿದ್ದ ಕೆಲಸವನ್ನೇ ಹಿಡಿದು ಹೀರಾಬಾಯಿಯವರು ಅದನ್ನು ಮೇಲಕ್ಕೆ ಎತ್ತಿದರು.

ಪಾಲಕರಲ್ಲಿ ನಮ್ಮದು ಒಂದು ವಿನಂತಿ. ಪ್ರತಿ ವರ್ಷ ಸ್ನೇಹಸಮ್ಮೇಳನದ ತಯಾರಿಯಲ್ಲಿ ನಾವು ಒಂದು ಮಾತನ್ನು ನೋಡುತ್ತ ಬಂದಿದ್ದೇವೆ. ಐದನೆಯ, ಆರನೆಯ ಇಯತ್ತೆಯಲ್ಲಿ ಧೈರ್ಯದಿಂದ ಹಾಡುವ ಹುಡುಗಿಯರು ಒಂಬತ್ತು, ಹತ್ತಕ್ಕೆ ಬರುವಷ್ಟರಲ್ಲಿ ಸುಮ್ಮನಾಗುತ್ತಾರೆ. ಕೇಳಿದರೆ ಮನೆಯಲ್ಲಿ ಬೇಡವೆಂದರು ಎನ್ನುತ್ತಾರೆ. ನೂರು ವರ್ಷಗಳ ಹಿಂದೆ, ಆಸರೆಯಿಲ್ಲದ ತಾಯಿಯೊಬ್ಬಳು ಊರಿನ ಮಾತಿಗೆ ಅಂಜಿ ಮಗಳ ಬಾಯಿ ಮುಚ್ಚಿಸಿದ್ದರೆ ಹೀರಾಬಾಯಿ ಎಂಬ ಹೆಸರೇ ಇರುತ್ತಿರಲಿಲ್ಲ. ನಿಮ್ಮ ಮನೆಯಲ್ಲಿಯೂ ಅಂಥ ದನಿಯೊಂದು ಇರಬಹುದು. ಅದನ್ನು ಹಾಡಗೊಡಿರಿ.

ಖಾನರ ನೆನಪಿಗಾಗಿ ಮಿರಜದ ದರ್ಗಾದಲ್ಲಿ ಉರುಸಿನ ವೇಳೆಗೆ ಸಂಗೀತ ಸೇವೆ ನಡೆಯುವ ಪರಂಪರೆ ಬಹುಕಾಲದಿಂದ ಬಂದಿದೆ. ಕನ್ನಡದವರು, ಮರಾಠಿಯವರು, ಹಿಂದೂ ಮುಸಲ್ಮಾನರೆನ್ನದೆ ಎಲ್ಲರೂ ಅಲ್ಲಿ ಕುಳಿತು ಕೇಳುತ್ತಾರೆ. ಮುಂದಿನ ಸಲ ಆಸ್ಪತ್ರೆಯ ಕೆಲಸಕ್ಕೋ ರೈಲು ಬದಲಿಸಲಿಕ್ಕೋ ಮಿರಜಕ್ಕೆ ಹೋದಾಗ, ಬಿಡುವಿದ್ದರೆ ಮಕ್ಕಳನ್ನು ತಂಬೂರಿ ಮಾಡುವವರ ಓಣಿಗೆ ಕರೆದುಕೊಂಡು ಹೋಗಿರಿ. ಈ ಊರಿನಲ್ಲಿ ಹುಟ್ಟಿದ ಒಬ್ಬ ಹೆಣ್ಣುಮಗಳು ತಂಬೂರಿ ಹಿಡಿದು ಮನೆಯನ್ನು ನಡೆಸಿದಳು, ಸಾಲ ತೀರಿಸಿದಳು, ಹಾಡುವ ಹೆಣ್ಣುಮಕ್ಕಳಿಗೆಲ್ಲ ಕುಳಿತುಕೊಳ್ಳಲು ಗೌರವದ ಜಾಗ ಮಾಡಿಕೊಟ್ಟಳು ಎಂದು ಅವರಿಗೆ ತಿಳಿಸಿ ಹೇಳಿರಿ.